ಒಂದು ಚಮಚ ಪುಡಿ, ಒಂದು ಹನಿ ದ್ರವ

9 ಜನವರಿ

ಪ್ರೀತಿಯ ಅತ್ತಿಗೆ,

ಇವತ್ತು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಒಂದು ಸಾಲು ಅರ್ಧಂಬರ್ಧ ನೆನಪಾಯಿತು. "ಕದ ಮುಚ್ಚಿದ ಮೇಲೆ ಒಳಗಿನ ಕೆಡುಕು ತಾನಾಗಿ ತಣ್ಣಗಾಗುವುದು." ಮುಂದಿನ ಸಾಲು ಎಷ್ಟು ತಡಕಾಡಿದರೂ ಸಿಗಲಿಲ್ಲ. ಯಾರು ಬರೆದದ್ದೋ ಗೊತ್ತಿಲ್ಲ, ಕಾಲೇಜಿನ ಗೋಡೆಪತ್ರಿಕೆಯಲ್ಲಿ ಓದಿದ್ದಿರಬೇಕು. ಆಗ ತುಂಬ ಹಿಡಿಸಿತ್ತು. ಈಗ ಸಂಶಯ ಬರುತ್ತಿದೆ. ನಿಜವಾಗಿ ತಣ್ಣಗಾಗುತ್ತದೆಯೋ, ಬರೀ ಕಣ್ಣಿಗೆ ಕಾಣದಂತಾಗುತ್ತದೆಯೋ?

ನಿಮ್ಮ ಕೆಲಸವೇ ಕದ ಮುಚ್ಚುವುದಾದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಮಕ್ಕಳ ಹುಳುಕು ಹಲ್ಲನ್ನು ಯಂತ್ರದಿಂದ ಕೊರೆಯದೆ, ಮೆತ್ತಗಾದ ಭಾಗವನ್ನಷ್ಟೇ ಕೈಯಿಂದ ಕೆರೆದು ತೆಗೆದು ಮೇಲೆ ಸಿಮೆಂಟು ತುಂಬಿಸುತ್ತೀರಲ್ಲ, ಆಗ ತಳದಲ್ಲಿ ಒಂದಷ್ಟು ಕ್ರಿಮಿ ಉಳಿದೇ ಉಳಿಯುತ್ತದೆ. ಅನ್ನಾಹಾರವಿಲ್ಲದೆ ಅವು ಸಾಯುತ್ತವೆ ಎಂಬುದು ನಂಬಿಕೆ. ಎಲ್ಲವೂ ಸಾಯುವುದಿಲ್ಲ. ಅಂಚಿನಲ್ಲಿ ಕೂದಲಿನಷ್ಟು ಸಂದು ಬಿಟ್ಟರೂ ಸಾಕು, ಮತ್ತೆ ಸಂಸಾರ ಹೂಡುತ್ತವೆ.

ಅದಕ್ಕೇ ಈ ಡಬ್ಬಿ. ನೀವು ದಿನವೂ ಬಳಸುವ ಸಿಮೆಂಟಿನ ಪುಡಿಗೆ ಕ್ಲೋರ್‌ಹೆಕ್ಸಿಡಿನ್ ಬೆರೆಸಿದ್ದೇನೆ. ಬಾಯಿ ಮುಕ್ಕಳಿಸುವ ಔಷಧಿಯಲ್ಲಿರುತ್ತದಲ್ಲ, ಅದೇ. ಅದು ನಿಧಾನವಾಗಿ ಒಸರಿ ಒಳಗೆ ಉಳಿದವುಗಳನ್ನು ಕೊಲ್ಲಬೇಕು. ಕಷ್ಟ ಇಷ್ಟೇ, ಔಷಧಿ ಹೆಚ್ಚಿದಷ್ಟೂ ಸಿಮೆಂಟಿನ ಬಲ ಕುಗ್ಗುತ್ತದೆ. ನೂರರಲ್ಲಿ ಒಂದು ಪಾಲಿಗೆ ನಿಲ್ಲಿಸಿದ್ದೇನೆ. ಆ ಪ್ರಮಾಣದಲ್ಲಿ ನಮ್ಮ ಪ್ರಯೋಗಾಲಯದ ಒತ್ತುವ ಯಂತ್ರದ ಕೆಳಗೆ ಇದು ಸಾದಾ ಸಿಮೆಂಟಿನಷ್ಟೇ ಭಾರ ತಡೆಯಿತು. ನಮ್ಮ ಸಂಸ್ಥೆಯ ಸಂಶೋಧನಾ ಸಮಿತಿಯ ಒಪ್ಪಿಗೆ ಪತ್ರ ಡಬ್ಬಿಯ ಜೊತೆಗಿದೆ. ತಂದೆತಾಯಿಗಳಿಗೆ ಎಲ್ಲವನ್ನೂ ಹೇಳಿ ಸಹಿ ಹಾಕಿಸಿಕೊಳ್ಳಿ.

ಅಳತೆ ಚಮಚ ಕಂಪನಿಯದೇ, ಹಳೆಯದು. ಒಂದು ಮಟ್ಟ ಚಮಚ ಪುಡಿ, ಒಂದು ಹನಿ ದ್ರವ. ಒಂದು ವಿನಂತಿ. ನಿಮಗೆ ಕಣ್ಣಂದಾಜಿನಲ್ಲಿ ಚಿಟಿಕೆ ಪುಡಿ ಸೇರಿಸುವ ಅಭ್ಯಾಸವಿದೆ. ಈ ಸಲ ಬೇಡ. ಇದು ಪರೀಕ್ಷೆ, ಎಲ್ಲ ಹಲ್ಲಿಗೂ ಅಳತೆ ಒಂದೇ ಇರಬೇಕು. ವರ್ಷದ ಕೊನೆಗೆ ಇವು ಬಾಯಲ್ಲಿ ನಿಂತಿದ್ದರೆ ದೊಡ್ಡ ಪ್ರಯೋಗಕ್ಕೆ ದಾರಿಯಾಗುತ್ತದೆ. ಇಲ್ಲದಿದ್ದರೆ ಕಪಾಟಿಗೆ.

ಅಣ್ಣನ ಮಂಡಿ ಹೇಗಿದೆ?

ನಿಮ್ಮ ನಾದಿನಿ


2 ಫೆಬ್ರವರಿ

ಪ್ರೀತಿಯ ಕುಟ್ಟಾಣಿ,

ಐವತ್ತರ ಹತ್ತಿರ ಬಂದವಳನ್ನು ಹೀಗೆ ಕರೆಯಬಾರದು ಎನ್ನುತ್ತಾರೆ ನಿಮ್ಮಣ್ಣ. ಆ ಹೆಸರಿಟ್ಟವರು ಅವರೇ. ಹಗಲೆಲ್ಲ ಏನಾದರೊಂದು ಕುಟ್ಟುತ್ತ ಕೂರುವ ಕೆಲಸಕ್ಕೇ ನೀನು ಸೇರಿದೆಯಲ್ಲ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಮಂಡಿ ಚೆನ್ನಾಗಿದೆ. ಕೆಲಸ ಹೇಳಿದಾಗ ಮಾತ್ರ ನೋಯುತ್ತದೆ.

ಡಬ್ಬಿ ಬಂತು. ಪಕ್ಕದ ಶಾಲೆಯ ಮಕ್ಕಳಿಂದ ಶುರುಮಾಡಿದ್ದೇನೆ. ನನ್ನ ಕ್ಲಿನಿಕ್ಕು ನೀನು ನೋಡಿದಂತೆಯೇ ಇದೆ. ಅದೇ ಒಂದು ಕುರ್ಚಿ, ಕೆಳಗಿನ ಅರ್ಧಕ್ಕೆ ಸುಣ್ಣ ಬಳಿದ ಕಿಟಕಿ, ನೀರು ಕುದಿಯುವ ಸದ್ದು. ಗೋಡೆಯ ಆಚೆ ಹೊಲಿಗೆಯವರ ಮೆಷಿನ್ನು. ಆಕೆ ಈಗಲೂ ಬೆಳಗ್ಗೆ ಸೂಜಿ, ದಾರ ಹಿಡಿದು ಬಾಗಿಲಿಗೆ ಬರುತ್ತಾರೆ. "ಡಾಕ್ಟ್ರೇ, ಬೋಣಿ ಮಾಡಿ" ಎನ್ನುತ್ತಾರೆ. ನಾನು ದಾರ ಪೋಣಿಸಿಕೊಟ್ಟ ಮೇಲೆಯೇ ಅವರ ಅಂಗಡಿ ಶುರು. ಕನ್ನಡಕ ಹಾಕಿಕೊಳ್ಳಿ ಅಂದರೆ, "ಕನ್ನಡಕ ಹಾಕಿದ ಟೇಲರ್ ಹತ್ರ ಯಾರ್ರೀ ರವಿಕೆ ಹೊಲಿಸ್ತಾರೆ" ಎಂದು ಬಾಯಿ ಮುಚ್ಚಿಸುತ್ತಾರೆ.

ಮಕ್ಕಳಲ್ಲಿ ಒಬ್ಬಳಿದ್ದಾಳೆ. ಅವಳಿಗೆ ಬೀಗ ಎಂದು ಹೆಸರಿಟ್ಟಿದ್ದೇನೆ. ಹಿಂದೆ ಎಲ್ಲೋ ಯಂತ್ರದಿಂದ ಕೊರೆಸಿಕೊಂಡು ಹೆದರಿದವಳು, ಅಂದಿನಿಂದ ಬಾಯಿ ತೆಗೆದಿಲ್ಲ. ಅಜ್ಜಿ ಕರೆತಂದಿದ್ದರು. "ಇವಳು ಊಟಕ್ಕೂ ಒಂದೇ ಕಡೆ ಬಾಯಿ ತೆಗೀತಾಳೆ ತಾಯಿ, ಇನ್ನೊಂದು ಕಡೆ ಬಾಡಿಗೆಗೆ ಕೊಟ್ಟಿರೋ ಹಂಗೆ" ಅಂದರು. ಮೂರು ಸಲ ಸುಮ್ಮನೆ ಕುರ್ಚಿಯಲ್ಲಿ ಕೂರಿಸಿ ಕಳಿಸಿದೆ. ನಾಲ್ಕನೆಯ ಸಲ ಯಂತ್ರದ ತಂತಿ ಕಿತ್ತು ಅವಳ ಕೈಗೇ ಕೊಟ್ಟೆ. ಅದನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು ಬಾಯಿ ತೆಗೆದಳು. ದವಡೆಯ ಹಲ್ಲಿನಲ್ಲಿ ದೊಡ್ಡ ಗುಳಿ. ತಳ ಒದ್ದೆ ಮರದ ಹಾಗಿತ್ತು. ಆದಷ್ಟು ಕೆರೆದು ನಿನ್ನ ಸಿಮೆಂಟು ತುಂಬಿದೆ.

ಕಲಸುವಾಗ ಒಂದು ಕಂಡಿತು. ಎಂದಿನದಕ್ಕಿಂತ ಹೊಳಪು ಹೆಚ್ಚು. ಕಲಸುವ ಸ್ಪ್ಯಾಟುಲಾ ಎತ್ತಿದರೆ ದಾರದಂತೆ ಎಳೆದುಕೊಂಡು ಬರುತ್ತದೆ. ಕೈ ಚಿಟಿಕೆ ಪುಡಿಗೆ ಹೋಯಿತು. ನಿನ್ನ ಅಪ್ಪಣೆ ನೆನಪಾಗಿ ಹಿಂದಕ್ಕೆ ಎಳೆದುಕೊಂಡೆ.

ನಿನ್ನ ಆ ಸಾಲು ನನಗೆ ಗೊತ್ತಿಲ್ಲ. ಕವಿತೆಯೆಲ್ಲ ನಿನ್ನ ಪಾಲಿಗೆ ಬಂದದ್ದು.

ಅತ್ತಿಗೆ


20 ಫೆಬ್ರವರಿ

ಪ್ರೀತಿಯ ಅತ್ತಿಗೆ,

ಬೀಗ ತೆಗೆಸಿದ್ದಕ್ಕೆ ಶಹಬ್ಬಾಸ್. ತಂತಿ ಕಿತ್ತು ಕೈಗೆ ಕೊಡುವ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ.

ಹೊಳಪಿಗೆ ಕಾರಣ ಔಷಧಿ. ಅದು ಸಿಮೆಂಟು ಗಟ್ಟಿಯಾಗುವುದನ್ನು ಸ್ವಲ್ಪ ತಡಮಾಡುತ್ತದೆ, ನಮ್ಮಲ್ಲೂ ಕಂಡಿದ್ದೇವೆ. ಪುಡಿ ಸೇರಿಸಬೇಡಿ. ಸ್ವಲ್ಪ ಹೊತ್ತು ಹೆಚ್ಚು ಒತ್ತಿ ಹಿಡಿದರೆ ಸಾಕು.

ಇಲ್ಲಿ ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬೆಳೆಸಿ ನಡುವೆ ಸಿಮೆಂಟಿನ ಬಿಲ್ಲೆ ಇಟ್ಟಿದ್ದೆ. ಇವತ್ತು ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ಸ್ವಚ್ಛ ವೃತ್ತ ಕಾಣಿಸಿತು, ಯಾರೋ ನಡುವೆ ನಿಂತು "ಹತ್ತಿರ ಬರಬೇಡಿ" ಎಂದು ಕೋಲು ತಿರುಗಿಸಿದ ಹಾಗೆ. ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆ. ಸಹೋದ್ಯೋಗಿ ಬಂದು, "ಮೇಡಂ, ಅದು ಕನ್ನಡಿಯಲ್ಲ" ಎಂದರು.

ನಮ್ಮ ಕೋಣೆಗೆ ಸುಣ್ಣ ಹೊಡೆಸುತ್ತಾರಂತೆ. ಸಾಮಾನೆಲ್ಲ ಮೂಲೆಗೆ ಸರಿಸಿ ಒಂದೇ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದೇನೆ.

ನಿಮ್ಮ ಅಕ್ಷರ ಯಾಕೆ ಹೀಗೆ ಏರಿಳಿಯುತ್ತಿದೆ? ಬಸ್ಸಿನಲ್ಲಿ ಕೂತು ಬರೆದಿರೋ ಹೇಗೆ? ಸಾವಧಾನವಾಗಿ ಬರೆಯಿರಿ. ನನಗೇನೂ ಅವಸರವಿಲ್ಲ.

ನಿಮ್ಮ ನಾದಿನಿ


5 ಮೇ

ಪ್ರೀತಿಯ ಕುಟ್ಟಾಣಿ,

ಅಕ್ಷರದ ಬಗ್ಗೆ ದೂರು ಬಂದದ್ದರಿಂದ ಇನ್ನು ಮುಂದೆ ನಿಮ್ಮಣ್ಣ ಟೈಪ್ ಮಾಡಿಕೊಡುತ್ತಾರೆ. ನಾನು ಹೇಳುತ್ತೇನೆ, ಅವರು ಒತ್ತುತ್ತಾರೆ. (ಟೈಪಿಸ್ಟನ ಟಿಪ್ಪಣಿ: ಸಂಬಳದ ಮಾತು ಇನ್ನೂ ಆಗಿಲ್ಲ.)

ಕೆಲಸ ನಡೆದಿದೆ. ಶಾಲೆಗೆ ರಜೆ ಬರುವ ಮುಂಚೆ ಆದಷ್ಟು ಮಕ್ಕಳನ್ನು ಮುಗಿಸಿದೆ. ದೊಡ್ಡವರಲ್ಲೂ ಒಪ್ಪಿದವರಿಗೆ ಹಾಕಿದೆ. ಹೊಲಿಗೆಯವರ ಬಲಗಡೆಯ ದವಡೆ ಹಲ್ಲಿಗೂ ಹಾಕಿದ್ದೇನೆ. ತುಂಬುವಾಗ ಅವರು ಒಂದು ಮಾತೂ ಆಡಲಾಗದೆ ಕೂತದ್ದು ಈ ಬೀದಿಯಲ್ಲಿ ಸುದ್ದಿಯಾಯಿತು. (ಟೈಪಿಸ್ಟನ ಟಿಪ್ಪಣಿ: ಕುರ್ಚಿಯಿಂದ ಇಳಿದ ಮೇಲೆ ಬಡ್ಡಿ ಸಮೇತ ಆಡಿದರು.)

ಒಂದು ಬೇಡಿಕೆ. ದ್ರವದ ಬಾಟಲಿ ಖಾಲಿಯಾಗಿದೆ. ಪುಡಿ ಇನ್ನೂ ಬೇಕಾದಷ್ಟಿದೆ. ಇನ್ನೊಂದು ಬಾಟಲಿ ದ್ರವ ಕಳಿಸು.

ಉಳಿದಂತೆ ಎಲ್ಲ ಸರಿ. (ಟೈಪಿಸ್ಟನ ಟಿಪ್ಪಣಿ: ಎಲ್ಲ ಸರಿ ಇಲ್ಲ. ಈಚೆಗೆ ನನಗೆ ಅರ್ಧ ಲೋಟ ಟೀ ಮಾತ್ರ ಸಿಗುತ್ತಿದೆ. ಕೇಳಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಉತ್ತರ. ಪಕ್ಕದವರಿಗೆ ದಾರ ಪೋಣಿಸಿಕೊಡುವುದನ್ನೂ ನಿಲ್ಲಿಸಿದ್ದಾಳೆ. ಅವರು ಕನ್ನಡಕ ಮಾಡಿಸಿಕೊಳ್ಳಲಿ ಎಂದು ಹಟ. ಇಬ್ಬರಿಗೂ ಒಂದು ವಾರದಿಂದ ಮಾತು ಕಡಿಮೆ. ಮಧ್ಯೆ ನನ್ನ ಅಂಗಿಯ ಗುಂಡಿ ಹಾಗೇ ಉಳಿದಿದೆ.)

ಅವರು ಏನೇನು ಸೇರಿಸುತ್ತಿದ್ದಾರೋ ನನಗೆ ಕಾಣುತ್ತಿಲ್ಲ. ನಂಬಬೇಡ.

ಅತ್ತಿಗೆ


14 ಮೇ

ಪ್ರೀತಿಯ ಅತ್ತಿಗೆ, ಪ್ರೀತಿಯ ಟೈಪಿಸ್ಟರೇ,

ಇಬ್ಬರ ಜಗಳ ಓದಿ ಊಟ ಮಾಡುತ್ತ ಒಬ್ಬಳೇ ನಕ್ಕೆ. ಅತ್ತಿಗೆಯ ಉಳಿತಾಯಕ್ಕೆ ನನ್ನ ಬೆಂಬಲವಿದೆ. ಅಣ್ಣನಿಗೆ ಅರ್ಧ ಲೋಟ ಸಾಕು. ಹೊಲಿಗೆಯವರ ವಿಷಯದಲ್ಲೂ ಅತ್ತಿಗೆಯದೇ ನ್ಯಾಯ. ಕಣ್ಣು ಕಾಣದೆ ರವಿಕೆ ಹೊಲಿದರೆ ತೊಟ್ಟವರ ಗತಿಯೇನು?

ದ್ರವ ಕಳಿಸಿದ್ದೇನೆ. ಹನಿ ಹಾಕುವುದರಲ್ಲಿ ನೀವು ಸ್ವಲ್ಪ ಧಾರಾಳವಾಗಿದ್ದೀರಿ. ಬಾಟಲಿಯನ್ನು ನೆಟ್ಟಗೆ ಹಿಡಿಯಬೇಕು, ಗುಳ್ಳೆಯಿರುವ ಮೊದಲ ಹನಿಯನ್ನು ಬಿಟ್ಟುಬಿಡಬೇಕು ಎಂದು ನನಗೆ ಹೇಳಿಕೊಟ್ಟವರೇ ನೀವು. ಬಿಟ್ಟ ಹನಿಗಳೇ ಬಾಟಲಿ ಖಾಲಿ ಮಾಡಿದವೋ ಏನೋ.

ನಿಮ್ಮ ನಾದಿನಿ


30 ಆಗಸ್ಟ್

ಕುಟ್ಟಾಣಿಗೆ,

ಶಾಲೆ ತೆರೆದ ಮೇಲೆ ಎಲ್ಲರನ್ನೂ ಮತ್ತೆ ಕರೆಸಿ ನೋಡಿದೆ. ಅರ್ಧಕ್ಕೂ ಹೆಚ್ಚು ಹಲ್ಲುಗಳಲ್ಲಿ ಸಿಮೆಂಟು ಸವೆದಿದೆ. ಕೆಲವುಗಳಲ್ಲಿ ಅಂಚು ಒಡೆದಿದೆ, ಕೆಲವುಗಳಲ್ಲಿ ಪೂರ್ತಿ ತೊಳೆದುಹೋಗಿದೆ. ಮೊದಲ ಒಂದೆರಡು ಏಪ್ರಿಲ್‌ನಲ್ಲೇ ಕಂಡಿದ್ದವು. ಬರೆಯಲಿಲ್ಲ. ಹೆಚ್ಚು ದಿನ ನೋಡಿ ಬರೆಯೋಣ ಎನಿಸಿತು.

ಬೀಗಳದು ಊಟ ಮಾಡುವಾಗ ಕಳಚಿಬಂದಿದೆ. ಕೈಯಲ್ಲಿ ಹಿಡಿದುಕೊಂಡೇ ಬಂದಳು. "ನಿಮ್ಮ ಕಲ್ಲು ತಗೊಳ್ಳಿ" ಎಂದು ನನ್ನ ಅಂಗೈಗೆ ಹಾಕಿದಳು. ಬಾಯಿ ತೆಗೆ ಅಂದೆ, ತೆಗೆಯಲಿಲ್ಲ.

ಸಿಕ್ಕ ಚೂರುಗಳನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಪ್ರತಿಯೊಂದಕ್ಕೂ ಗುರುತು ಹಾಕಿದೆ. ಕಾರಣ ನಿನಗೆ ತಿಳಿದೀತು.

ಅತ್ತಿಗೆ


16 ಸೆಪ್ಟೆಂಬರ್

ಪ್ರೀತಿಯ ಅತ್ತಿಗೆ,

ಚೂರುಗಳನ್ನು ಕತ್ತರಿಸಿ, ಹೊಳಪು ಕೊಟ್ಟು, ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ನಿಜ ಹೇಳುತ್ತೇನೆ, ಡಬ್ಬಿ ಬಿಚ್ಚುವಾಗ ಹೆದರಿಕೆಯಿತ್ತು. ತಪ್ಪು ಔಷಧಿಯದಾಗಿದ್ದರೆ ನಾಲ್ಕು ವರ್ಷದ ಕೆಲಸ ನೀರಿಗೆ ಹೋಗುತ್ತಿತ್ತು.

ಔಷಧಿಯದಲ್ಲ. ನೋಡಿದ ಒಂದೊಂದು ಚೂರಿನಲ್ಲೂ ಒಂದೇ ಕಥೆ. ಪುಡಿಯಲ್ಲಿರುವ ಗಾಜಿನ ಕಣಗಳು ದೂರ ದೂರ ಇವೆ, ನಡುವೆ ಬರೀ ಅಂಟು. ಅಂದರೆ ತೆಳ್ಳಗೆ ಕಲಸಿದ್ದಾರೆ, ಪುಡಿಗಿಂತ ದ್ರವ ಹೆಚ್ಚು. ಹಾಗೆ ಕಲಸಿದರೆ ಯಾವ ಸಿಮೆಂಟೂ ಬಾಯಲ್ಲಿ ನಿಲ್ಲುವುದಿಲ್ಲ. ಮೇ ತಿಂಗಳಲ್ಲೇ ದ್ರವ ಖಾಲಿಯಾದಾಗ ನನಗೆ ಹೊಳೆಯಬೇಕಿತ್ತು.

ಯಾರು ಕಲಸುತ್ತಿದ್ದಾರೆ ಅತ್ತಿಗೆ? ಹೊಸದಾಗಿ ಯಾರನ್ನಾದರೂ ಸಹಾಯಕ್ಕೆ ಇಟ್ಟುಕೊಂಡಿದ್ದರೆ ಇವತ್ತೇ ಆ ಕೈಯಿಂದ ಸ್ಪ್ಯಾಟುಲಾ ಕಿತ್ತುಕೊಳ್ಳಿ. ನಿಮಗೆ ಯಾರನ್ನೂ ಗದರಲು ಬಾರದು, ಅದು ನನಗೆ ಗೊತ್ತು. ಆದರೆ ಒಂದು ಹನಿಯನ್ನು ಒಂದು ಹನಿಯಾಗಿ ಹಾಕಲಾರದ ಕೈ ಮಕ್ಕಳ ಬಾಯಿಯ ಹತ್ತಿರ ಇರಬಾರದು. ಇದರಲ್ಲಿ ದಾಕ್ಷಿಣ್ಯ ಬೇಡ.

ಮುಂದಿನ ವಾರ ಸಮಿತಿ ಸೇರುತ್ತದೆ. ಪದಾರ್ಥ ಸರಿಯಿದೆ, ಕಲಸಿದವರಲ್ಲಿ ದೋಷ ಎಂದು ಹೇಳಲಿದ್ದೇನೆ.

ನಿಮ್ಮ ನಾದಿನಿ


11 ನವೆಂಬರ್

ಕುಟ್ಟಾಣಿಗೆ,

ಇಷ್ಟು ದಿನ ಬರೆಯಲಾಗಲಿಲ್ಲ. ಆಗಸ್ಟಿನ ಪತ್ರದಂತೆ ಇದನ್ನೂ ನಿಮ್ಮಣ್ಣ ಇಲ್ಲದಾಗ ನಾನೇ ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡುತ್ತಿದ್ದೇನೆ.

ಉಳಿದ ಪುಡಿ, ಬಾಟಲಿಗಳು, ಚಮಚ, ಕಲಸುವ ಕಾಗದ, ಎಲ್ಲವನ್ನೂ ಈ ಡಬ್ಬಿಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಎರಡನೆಯ ಬಾಟಲಿ ದ್ರವವೂ ಹೆಚ್ಚುಕಡಿಮೆ ಮುಗಿದಿದೆ.

ಇಲ್ಲಿ ಸಹಾಯಕಿ ಯಾರೂ ಇಲ್ಲ. ಈ ಕೋಣೆಯಲ್ಲಿ ಸಿಮೆಂಟು ಕಲಸಿದ್ದು ಯಾವತ್ತೂ ನಾನೊಬ್ಬಳೇ. ನಿನ್ನ ಮನಸ್ಸು ನೋಯಿಸಲು ಇದನ್ನು ಬರೆಯುತ್ತಿಲ್ಲ. ನೀನು ಹೇಳಿದ್ದು ಸರಿಯಾಗಿಯೇ ಇದೆ.

ತಿಂಗಳ ಮೊದಲಲ್ಲಿ ಕ್ಲಿನಿಕ್ಕಿನ ಬೋರ್ಡು ಇಳಿಸಿದೆ. ಶಾಲೆಯ ಮಕ್ಕಳಿಗೆ ಊರಿನ ಆಚೆ ಕಡೆಯ ಡಾಕ್ಟರರಿಗೆ ಚೀಟಿ ಬರೆದುಕೊಟ್ಟೆ. ಒಳ್ಳೆಯವರು. ಅವರ ಬಳಿ ಒಳ್ಳೆಯ ಯಂತ್ರಗಳಿವೆ. ಬೀಗಳ ಅಜ್ಜಿ ಚೀಟಿ ತೆಗೆದುಕೊಂಡು, "ಅಲ್ಲಿ ಕೊರೀತಾರಾ?" ಎಂದು ಕೇಳಿದರು. ಕೊರೆಯುತ್ತಾರೆ ಅಂದೆ. "ಹಂಗಾದ್ರೆ ಇದನ್ನ ನೀವೇ ಇಟ್ಕೊಳ್ಳಿ" ಎಂದು ಚೀಟಿಯನ್ನು ಮೇಜಿನ ಮೇಲಿಟ್ಟು ಹೋದರು.

ಕುರ್ಚಿಗೆ ಹಳೆಯ ಬೆಡ್‌ಶೀಟು ಹೊದಿಸಿದ್ದೇನೆ. ನಿಮ್ಮಣ್ಣ ಅದರ ಮೇಲೆ ಕೂತು ಪೇಪರು ಓದುತ್ತಾರೆ. ನನಗೆ ಅದು ಇಷ್ಟವಾಗುವುದಿಲ್ಲ, ಹೇಳಲೂ ಆಗುವುದಿಲ್ಲ.

ಅತ್ತಿಗೆ


23 ನವೆಂಬರ್

ಪ್ರೀತಿಯ ಅತ್ತಿಗೆ,

ಈ ಪತ್ರವನ್ನು ಕೊನೆಯವರೆಗೆ ಓದಿ. ನಡುವೆ ಮಡಿಸಿ ಇಡಬೇಡಿ.

ನಿಮ್ಮ ಡಬ್ಬಿ ಬಂದ ದಿನ ಅದನ್ನು ಬಿಚ್ಚಲಿಲ್ಲ. ನಾಲ್ಕು ದಿನ ಮೇಜಿನ ಕೆಳಗಿಟ್ಟು ಕಾಲಿಗೆ ತಾಕದಂತೆ ಕೂತಿದ್ದೆ. ಐದನೆಯ ದಿನ ಬಿಚ್ಚಿದೆ. ಖಾಲಿಯಾದ ಎರಡು ಬಾಟಲಿ, ಮುಗಿಯದ ಪುಡಿ, ಹಳದಿ ಬಣ್ಣದ ಆ ಪ್ಲಾಸ್ಟಿಕ್ ಚಮಚ. ಚಮಚವನ್ನು ಕೈಯಲ್ಲಿ ಹಿಡಿದಾಗ ಒಂದು ವಿಷಯ ಹೊಳೆಯಿತು. ಈ ನಾಲ್ಕು ವರ್ಷಗಳಲ್ಲಿ ನಾನು ಇದನ್ನು ಒಂದು ಸಲವೂ ಬಳಸಿಲ್ಲ. ಇಲ್ಲಿ ಎಲ್ಲವನ್ನೂ ತಕ್ಕಡಿಯಲ್ಲಿ ತೂಗುತ್ತೇವೆ. ಚಮಚ ಡಾಕ್ಟರುಗಳಿಗೆ ಅನುಕೂಲವಾಗಲೆಂದು ಡಬ್ಬಿಯಲ್ಲಿ ಬರುವ ವಸ್ತು. ಬಂದದ್ದನ್ನು ಹಾಗೆಯೇ ನಿಮಗೆ ದಾಟಿಸಿದೆ.

ಒಂದು ಮಟ್ಟ ಚಮಚ ಸಾದಾ ಪುಡಿ ತೂಗಿದೆ. ಆಮೇಲೆ ಅದೇ ಚಮಚದಲ್ಲಿ ನನ್ನ ಪುಡಿ ತೂಗಿದೆ. ತಕ್ಕಡಿ ಕೆಟ್ಟಿದೆಯೆಂದುಕೊಂಡು ಪಕ್ಕದ ಕೋಣೆಯದರಲ್ಲೂ ತೂಗಿದೆ. ನನ್ನ ಪುಡಿ ಐದರಲ್ಲಿ ಒಂದು ಪಾಲಿನಷ್ಟು ಹಗುರ. ಔಷಧಿಯನ್ನು ಅಷ್ಟು ನುಣ್ಣಗೆ ಅರೆದು ಬೆರೆಸಿದ್ದರಿಂದ ಪುಡಿ ಉಬ್ಬಿಕೊಂಡಿದೆ, ಕೊಡವಿದ ಹತ್ತಿಯ ಹಾಗೆ. ಚಮಚ ತುಂಬಿದಂತೆ ಕಾಣುತ್ತದೆ, ಅದರಲ್ಲಿ ಗಾಳಿಯೇ ಹೆಚ್ಚು. ನೀವು ನಾನು ಬರೆದಂತೆಯೇ ಮಾಡಿದ್ದೀರಿ, ಒಂದು ಚಮಚ, ಒಂದು ಹನಿ. ಅದಕ್ಕೇ ಪ್ರತಿ ಸಲವೂ ತೆಳುವಾಗಿದೆ. ಅದಕ್ಕೇ ದ್ರವ ಮುಗಿದು ಪುಡಿ ಉಳಿದಿದೆ. ಮೊದಲ ದಿನವೇ ನಿಮ್ಮ ಕೈ ಚಿಟಿಕೆ ಪುಡಿಗೆ ಹೋಗಿತ್ತಲ್ಲ, ಬೇಡವೆಂದು ಕಟ್ಟಿಹಾಕಿದವಳು ನಾನು.

ಚೂರುಗಳಲ್ಲೂ ಇದೇ ಬರೆದಿತ್ತು, ನಾನೇ ಓದಲಿಲ್ಲ. ಧಾರಾಳದ ಕೈಯಾಗಿದ್ದರೆ ಒಂದು ತೆಳ್ಳಗೆ, ಒಂದು ಗಟ್ಟಿ ಇರುತ್ತಿದ್ದವು. ಇವೆಲ್ಲ ಒಂದೇ ಸಮ ತೆಳ್ಳಗಿದ್ದವು. ಅಷ್ಟು ಸಮನಾಗಿ ತಪ್ಪಲು ಅಳತೆಗೆ ಮಾತ್ರ ಸಾಧ್ಯ.

ಸಮಿತಿಗೆ ಇದನ್ನೆಲ್ಲ ಬರೆದುಕೊಟ್ಟಿದ್ದೇನೆ. ಕಲಸಿದವರಲ್ಲಿ ದೋಷ ಎಂದಿದ್ದ ಮಾತನ್ನು ಹೊಡೆದುಹಾಕಿ, ತಯಾರಿಸಿದವಳ ದೋಷ ಎಂದು ತಿದ್ದಿದೆ. ಇನ್ನೊಂದು ಮಾತು. ನಮ್ಮ ಕೋಣೆಗೆ ಸುಣ್ಣ ಹೊಡೆಯಲಿಲ್ಲ. ಅದನ್ನು ಬೇರೆ ವಿಭಾಗಕ್ಕೆ ಕೊಡುವುದೆಂದು ಫೆಬ್ರವರಿಯಲ್ಲೇ ನಿಶ್ಚಯವಾಗಿತ್ತು. ಈ ಫಲಿತಾಂಶ ಚೆನ್ನಾಗಿ ಬಂದರೆ ಉಳಿಸಿಕೊಳ್ಳಬಹುದು ಎಂದಿದ್ದರು. ಸೆಪ್ಟೆಂಬರ್‌ನಲ್ಲಿ ನಾನು ಹಾಗೆ ಬರೆಯಲು ಅದೂ ಕಾರಣ. ಅದು ನೆಪವಾಗಲಾರದು.

ಈಗ ಕೇಳಬೇಕಾದದ್ದು. ಕಲಸಿದ್ದು ನೀವೆಂದ ಮೇಲೆ, ನನ್ನ ಮಾತು ಕೇಳಿ ನೀವು ಜಗಳಕ್ಕೆ ಬರಬೇಕಿತ್ತು. ನನಗೆ ಗೊತ್ತಿರುವ ಅತ್ತಿಗೆ ಮರುದಿನವೇ ಬಸ್ಸು ಹತ್ತಿ ಬಂದು ನನ್ನ ತಲೆಯ ಮೇಲೆ ಕುಟ್ಟುತ್ತಿದ್ದರು. ನೀವು ಬೋರ್ಡು ಇಳಿಸಿದಿರಿ. ಹಳೆಯ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಏರಿಳಿಯುವ ಅಕ್ಷರ. ಅರ್ಧ ಲೋಟ ಟೀ. ಪೋಣಿಸದ ದಾರ. ನಾನು ಅದನ್ನೆಲ್ಲ ಓದಿ ನಕ್ಕಿದ್ದೆ.

ನಿಮ್ಮ ಕೈಗೆ ಏನಾಗಿದೆ ಅತ್ತಿಗೆ?

ಜೊತೆಯಲ್ಲಿರುವ ಸಣ್ಣ ಡಬ್ಬಿಯಲ್ಲಿ ಒಂದು ಬಾಟಲಿ ದ್ರವವೂ ಪುಡಿಯ ಪೊಟ್ಟಣಗಳೂ ಇವೆ. ಒಂದೊಂದು ಪೊಟ್ಟಣವನ್ನೂ ತೂಗಿ ಕಟ್ಟಿದ್ದೇನೆ. ಹೊಸ ಅಳತೆಗೆ ಸಮಿತಿಯವರು ಸಹಿ ಹಾಕಿದ್ದಾರೆ, ಆ ಕಾಗದವೂ ಇದೆ. ಒಂದು ಪೊಟ್ಟಣಕ್ಕೆ ಒಂದು ಹನಿ. ಚಮಚ ಕಳಿಸಿಲ್ಲ. ಬಳಸುವುದೂ ಬಿಡುವುದೂ ನಿಮಗೆ ಸೇರಿದ್ದು.

ನಿಮ್ಮ ನಾದಿನಿ


15 ಡಿಸೆಂಬರ್

ಪ್ರೀತಿಯ ಕುಟ್ಟಾಣಿ,

ಇದನ್ನು ನಾನೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೀಗೆಯೇ ಇರುತ್ತದೆ, ಅಭ್ಯಾಸ ಮಾಡಿಕೋ.

ಕೈ ನಡುಗುತ್ತದೆ. ಕಳೆದ ಚಳಿಗಾಲದಲ್ಲಿ ಶುರುವಾಯಿತು, ನಿನ್ನ ಡಬ್ಬಿ ಬರುವುದಕ್ಕೆ ಸ್ವಲ್ಪ ಮೊದಲು. ತುಂಬಿದ ಲೋಟ ಹಿಡಿದರೆ ಚೆಲ್ಲುತ್ತಿತ್ತು. ಸೂಜಿಯ ಕಣ್ಣು ದಾರಕ್ಕೆ ಸಿಗದೆ ಓಡುತ್ತಿತ್ತು. ಹೊಲಿಗೆಯವರ ಎದುರು ಆ ಆಟ ಆಡಲು ಮನಸ್ಸಾಗದೆ ಕನ್ನಡಕದ ಜಗಳ ತೆಗೆದೆ. ನಿಮ್ಮಣ್ಣನಿಗೂ ಹೇಳಿರಲಿಲ್ಲ. ಸಿಮೆಂಟು ಸವೆಯತೊಡಗಿದಾಗ ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಬಾಟಲಿ ಹಿಡಿದಾಗ ಕೈ ಅದುರಿ ಒಂದರ ಬದಲು ಎರಡು ಹನಿ ಬೀಳುತ್ತಿರಬೇಕು, ನನ್ನ ಕಣ್ಣಿಗೆ ಕಾಣುತ್ತಿಲ್ಲ ಅಂದುಕೊಂಡೆ. ದ್ರವ ಮೊದಲು ಮುಗಿಯಿತಲ್ಲ, ಬೇರೆ ಸಾಕ್ಷಿ ಯಾಕೆ ಬೇಕು? ಅದರ ಮೇಲೆ ನಿನ್ನ ಪತ್ರ ಬಂತು. ನೀನು ಬೇರೆ ಯಾರಿಗೋ ಬೈದಿದ್ದೆ. ನಾನು ಸರಿಯಾದ ವಿಳಾಸಕ್ಕೇ ತಲುಪಿಸಿಕೊಂಡೆ.

ನಿನ್ನ ಚಮಚದ ಪತ್ರವನ್ನು ನಿಮ್ಮಣ್ಣನ ಕೈಗೆ ಕೊಟ್ಟೆ. ಓದಿ ಮುಗಿಸಿ, ಕನ್ನಡಕ ತೆಗೆದು, "ಅಂದ್ರೆ ನಾನು ಇಷ್ಟು ದಿನ ಅರ್ಧ ಟೀ ಕುಡಿದದ್ದು ಇದಕ್ಕಾ?" ಎಂದು ಕೇಳಿದರು. ಅಷ್ಟೇ. ಮರುದಿನ ನರರೋಗದ ಡಾಕ್ಟರರ ಬಳಿ ಕರೆದುಕೊಂಡು ಹೋದರು. ಅವರು ಸುರುಳಿ ಬರೆಸಿದರು, ನೀರು ತುಂಬಿದ ಲೋಟ ಎತ್ತಿಸಿದರು, ನಡೆಸಿ ನೋಡಿದರು. ಭಯಪಡುವ ಕಾಯಿಲೆಯಲ್ಲವಂತೆ. ಕೆಲವರಿಗೆ ವಯಸ್ಸಾದಂತೆ ಬರುವ ನಡುಕ. ಹೋಗುವುದಿಲ್ಲ, ನಿಧಾನವಾಗಿ ಹೆಚ್ಚಬಹುದು. ಮಾತ್ರೆ ಕೊಟ್ಟಿದ್ದಾರೆ, ತಕ್ಕಮಟ್ಟಿಗೆ ಕಡಿಮೆಯಾಗಿದೆ. ಆದ್ದರಿಂದ ನೀನು ಸಿಮೆಂಟಿನ ಲೆಕ್ಕ ತೀರಿಸಿದೆ, ಕೈಯದು ಹಾಗೇ ಉಳಿದಿದೆ. ಅದನ್ನು ಸಿಹಿ ಸವರಿ ಹೇಳುವುದು ನನಗೆ ಬೇಡ.

ಆದರೆ ಒಂದು ದಿನ ಕುರ್ಚಿಯ ಮೇಲಿನ ಬೆಡ್‌ಶೀಟು ತೆಗೆದು ನಿಮ್ಮಣ್ಣನನ್ನೇ ಕೂರಿಸಿದೆ. ಅವರ ಬಾಯಲ್ಲಿ ಉಪಕರಣ ಇಟ್ಟೆ. ನಾವು ಕೆಲಸ ಮಾಡುವಾಗ ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿಕೊಳ್ಳುತ್ತೇವೆ. ಕಲಿಯುವ ಮೊದಲ ವಾರದಿಂದ ಮಾಡುವುದರಿಂದ ಅದು ಇದೆಯೆಂಬುದೇ ಮರೆತಿರುತ್ತದೆ. ಬೆರಳು ಹಲ್ಲಿನ ಮೇಲೆ ಕೂತದ್ದೇ ತಡ, ಕೈ ನಿಂತಿತು. ಗಾಳಿಯಲ್ಲಿ ಮಾತ್ರ ನಡುಗುವುದು, ಊರಿಕೊಂಡರೆ ಇಲ್ಲ. ಲೋಟಕ್ಕೂ ಸೂಜಿಗೂ ಊರಿಕೊಳ್ಳಲು ಜಾಗವಿಲ್ಲ, ಹಲ್ಲಿಗಿದೆ. ಇಷ್ಟು ದಿನ ಬಾಯೊಳಗೆ ಕೈ ಅದುರಿರಲೇ ಇಲ್ಲ ಎಂದು ಆಗ ಗೊತ್ತಾಯಿತು. ನಾನು ನೋಡಿರಲಿಲ್ಲ. ಬಾಯಿ ತೆರೆದುಕೊಂಡೇ ನಿಮ್ಮಣ್ಣ ಏನೋ ಟಿಪ್ಪಣಿ ಹೇಳಿದರು, ತಿಳಿಯಲಿಲ್ಲ.

ನಿನ್ನ ಪೊಟ್ಟಣ ಒಂದನ್ನು ಬಿಚ್ಚಿದೆ. ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು ಒಂದು ಹನಿ ಹಾಕಿದೆ. ಒಂದೇ ಬಿತ್ತು. ಕಲಸಿದಾಗ ನಮ್ಮ ಹಳೆಯ ಸಿಮೆಂಟಿನ ಹಾಗೆಯೇ ಬಂತು, ಅಷ್ಟೇ ಹೊಳಪು, ಅಷ್ಟೇ ಬಿಗಿ.

ಮೊನ್ನೆ ಅಜ್ಜಿಗೆ ಹೇಳಿಕಳಿಸಿದೆ. ಬೀಗ ಬಂದಳು. ಯಂತ್ರದ ತಂತಿಯನ್ನು ತಾನೇ ಕಿತ್ತು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆಗೆದಳು. ಸಿಮೆಂಟು ಹೋಗಿ ತಿಂಗಳುಗಳೇ ಆಗಿವೆ, ಗುಳಿ ಇನ್ನಷ್ಟು ಕೊಳೆತಿರುತ್ತದೆ ಅಂದುಕೊಂಡಿದ್ದೆ. ತಳವನ್ನು ತಟ್ಟಿ ನೋಡಿದೆ. ಬಣ್ಣ ಕಪ್ಪು, ಆದರೆ ಒಣಗಿ ಗಟ್ಟಿಯಾಗಿದೆ. ಮೊದಲು ಒದ್ದೆ ಮರದ ಹಾಗಿದ್ದ ಜಾಗವೇ ಅದು. ಸಿಮೆಂಟು ಹಲ್ಲಿನಲ್ಲಿ ಉಳಿದಷ್ಟು ದಿನದಲ್ಲೇ ನಿನ್ನ ಔಷಧಿ ಏನೋ ಮಾಡಿದೆ. ಒಂದು ಹಲ್ಲು ನೋಡಿ ಏನನ್ನೂ ಹೇಳಬಾರದೆಂದು ನೀನು ಗದರುತ್ತೀಯ, ಗೊತ್ತು. ಆದರೂ ಸಮಿತಿಗೆ ಇದನ್ನೂ ಬರೆ. ಕೋಣೆ ಉಳಿಯುತ್ತದೋ ಇಲ್ಲವೋ, ಬರೆ. ಒಳಗಿನದು ತಣ್ಣಗಾಗುತ್ತದೆಯೇ ಎಂದು ಕೇಳಿದ್ದೆಯಲ್ಲ. ಈ ಒಂದು ಹಲ್ಲಿನಲ್ಲಿ ಆಗಿತ್ತು. ಪೊಟ್ಟಣದ ಸಿಮೆಂಟನ್ನೇ ತುಂಬಿ ಕಳಿಸಿದೆ.

ಬೋರ್ಡನ್ನು ಮಾತ್ರ ಇನ್ನೂ ಹಾಕಿಲ್ಲ. ಗೊತ್ತಿರುವ ಮಕ್ಕಳಿಗಷ್ಟೇ ಮಾಡಿ ನಿಲ್ಲಿಸೋಣ, ಕೈ ನಡುಗುವುದನ್ನು ಊರಿಗೆಲ್ಲ ತೋರಿಸುವುದು ಯಾಕೆ ಎಂದು ಬಾಗಿಲನ್ನು ಅರ್ಧವೇ ತೆರೆದಿಟ್ಟಿದ್ದೆ.

ಇವತ್ತು ಬೆಳಗ್ಗೆ ಆ ಅರ್ಧ ಬಾಗಿಲಲ್ಲಿ ಹೊಲಿಗೆಯವರು ನಿಂತಿದ್ದರು. ಮೂಗಿನ ಮೇಲೆ ಹೊಸ ಕನ್ನಡಕ, ಬಲಗೆನ್ನೆಯ ಮೇಲೆ ಕೈ. ಸಿಮೆಂಟು ಸವೆದು ಆ ಕಡೆ ಅಗಿಯಲು ಆಗುತ್ತಿರಲಿಲ್ಲವಂತೆ, ಬೋರ್ಡು ಹೋದದ್ದು ನೋಡಿ ಇಷ್ಟು ದಿನ ಸುಮ್ಮನಿದ್ದರಂತೆ. ನಾನು ಕೈಯನ್ನು ಸೆರಗಿನೊಳಗೆ ಸರಿಸಿಕೊಂಡೆ. ಆಚೆ ಕಡೆಯ ಡಾಕ್ಟರರ ಬಳಿ ಹೋಗಿ, ನನ್ನ ಕೈ ಮೊದಲಿನ ಹಾಗಿಲ್ಲ ಅಂದೆ. ಅವರು ನನ್ನ ಸೆರಗನ್ನೂ ನನ್ನನ್ನೂ ಕನ್ನಡಕದ ಮೇಲಿಂದ ನೋಡಿ, ಚಪ್ಪಲಿ ಕಳಚಿ ಬದಿಗಿಟ್ಟು ಹೇಳಿದರು:

"ಅದೆಲ್ಲ ಆವತ್ತು ಹಲ್ಲು ತುಂಬೋಕೆ ಮುಂಚೇನೇ ನೋಡಿದೀನಿ ಬಿಡಿ ಡಾಕ್ಟ್ರೇ, ನೋಡೇ ಬಾಯಿ ತೆಗೆದದ್ದು. ದಾರ ಇನ್ಮೇಲೆ ನಾನೇ ಪೋಣಿಸ್ಕೋತೀನಿ. ಹಲ್ಲು ಮಾತ್ರ ನಂಗೆ ನಾನೇ ತುಂಬ್ಕೊಳ್ಳೋಕಾಗಲ್ಲ, ಸ್ವಲ್ಪ ಸರೀರಿ ಆಚೆ."